ಅಪ್ಪನಿಗೆ ಕಿಟಕಿ ಸೀಟು

ಗೊನೊ ಮಾರ್ಗದ ರೈಲಿನಿಂದ,
೧೯೯೫ ನವೆಂಬರ್ ೯, ಗುರುವಾರ

ಮುದ್ದು ಚಿಗುಸಾ,

ಪತ್ರವನ್ನು ಹವೆಯ ಮಾತಿನಿಂದ ಶುರುಮಾಡಬೇಕೆಂದು ನನಗೂ ಶಾಲೆಯಲ್ಲಿ ಕಲಿಸಿದ್ದಾರೆ. ಬರೆಯುತ್ತೇನೆ, ಕೇಳು. ಇಲ್ಲಿ ಬಿಸಿಲಿದೆ, ಆದರೆ ಕೈ ಬೆಚ್ಚಗಾಗುವಷ್ಟಿಲ್ಲ. ಸಮುದ್ರಕ್ಕೆ ನಿದ್ದೆ ಪೂರ್ತಿ ಬಿಟ್ಟಿಲ್ಲ. ನಾನು ಕ್ಷೇಮ, ಊಟ ಸೇರುತ್ತಿದೆ. ನಿನ್ನ ಶೀತ ಹೇಗಿದೆ? ಅಡುಗೆಮನೆಯ ಕೆಳಗಿನ ಖಾನೆಯಲ್ಲಿ ಉಪ್ಪು ಹಾಕಿದ ಉಮೆ ಕಾಯಿಯ ಜಾಡಿ ಇದೆ. ಗಂಜಿ ಮಾಡಿಕೊಂಡು ಅದರ ಜೊತೆ ತಿನ್ನು. ಬರೀ ಬ್ರೆಡ್ಡು ತಿಂದು ಆಫೀಸಿಗೆ ಓಡಬೇಡ.

ಅಕ್ಷರ ಸೊಟ್ಟಗಿದ್ದರೆ ರೈಲನ್ನು ಬಯ್ಯಿ, ನನ್ನನ್ನಲ್ಲ. ಒಂದೇ ಡಬ್ಬಿಯ ರೈಲು ಇದು. ತಿರುವು ಬಂದರೆ ಹಳೇ ಎತ್ತಿನಗಾಡಿಯ ಹಾಗೆ ನರಳುತ್ತದೆ. ನನ್ನ ಪೆನ್ನೂ ಅದರ ಜೊತೆ ವಾಲುತ್ತದೆ.

ಹನ್ನೆರಡನೇ ತಾರೀಖಿನೊಳಗೆ ಅಪ್ಪನನ್ನು ವಾಪಸ್ ತರುತ್ತೇನೆಂದು ನಿನಗೆ ಮಾತು ಕೊಟ್ಟು ಹೊರಟವಳು ನಾನು. ನಲವತ್ತೊಂಬತ್ತನೇ ದಿನಕ್ಕೆ ಅಸ್ಥಿ ಇಡಲೆಂದು ನಮ್ಮ ಬೀದಿಯ ಗುಡಿಯಲ್ಲಿ ಜಾಗ ಗೊತ್ತುಮಾಡಿದ್ದೂ ನೀನೇ, ದಿನಾ ಕೆಲಸಕ್ಕೆ ಹೋಗುವಾಗ ಕೈಮುಗಿದು ಹೋಗುವ ಹಾಗೆ. ಅಜ್ಜಿಗೆ ತೋರಿಸಿ ತಾ, ಬಿಟ್ಟು ಬರಬೇಡ, ಬದುಕಿದ್ದಾಗ ಬೇಡವಾದವರು ಸತ್ತ ಮೇಲೆ ಅವರಿಗ್ಯಾಕೆ ಎಂದು ಬಾಗಿಲಲ್ಲಿ ನಿಂತು ನೀನು ಮೂರು ಸಲ ಹೇಳಿದೆ. ಆ ಮಾತಿನ ವಿಷಯ ಬರೆಯಲೆಂದೇ ಕೂತಿದ್ದೇನೆ. ಆದರೆ ನಿನ್ನ ಅಮ್ಮ ಗೊತ್ತಲ್ಲ, ಹತ್ತು ಸಲ ಬಾವಿ ಸುತ್ತಿ ಆಮೇಲೆ ಹಗ್ಗ ಬಿಡುವವಳು. ಮೊದಲು ಹೋದ ದಾರಿಯ ಕಥೆ ಹೇಳುತ್ತೇನೆ.

ಮಂಗಳವಾರ ಬೆಳಿಗ್ಗೆ ಒಸಾಕಾದ ದೊಡ್ಡ ರೈಲು ನನ್ನನ್ನು ಹಿಗಾಶಿ ನೊಶಿರೊದಲ್ಲಿ ಇಳಿಸಿ ಹೋಯಿತು. ಅಲ್ಲಿಂದ ಈ ಪುಟ್ಟ ರೈಲು. ಸೀಟಿನ ಕೆಳಗಿಂದ ಬಿಸಿ ಬರುತ್ತಿತ್ತು, ಡೀಸೆಲ್ ವಾಸನೆಯ ಜೊತೆ ಯಾರೋ ತಂದ ಮೀನಿನ ವಾಸನೆ. ಅಸ್ಥಿ ಕುಡಿಕೆಯನ್ನು ಮಡಿಲಿನಿಂದ ಇಳಿಸಬಾರದೆಂದು ಕನಜಾವಾದ ಚಿಕ್ಕಮ್ಮ ಫೋನಿನಲ್ಲಿ ಹತ್ತು ಸಲ ಹೇಳಿದ್ದಳು. ನಾನು ಕೇಳಲಿಲ್ಲ. ನಲವತ್ತು ವರ್ಷದ ಮೇಲೆ ಊರಿಗೆ ಹೊರಟ ಮನುಷ್ಯನಿಗೆ ಕಿಟಕಿ ಸೀಟು ಕೊಡದಿದ್ದರೆ ಹೇಗೆ? ಎಡಗಡೆ, ಸಮುದ್ರದ ಕಡೆ, ಬಿಳಿ ಬಟ್ಟೆಯ ಗಂಟನ್ನು ಕೂರಿಸಿ ನನ್ನ ಶಾಲನ್ನು ಸುತ್ತ ಒತ್ತಿ ಇಟ್ಟೆ. ಟಿಕೆಟ್ ನೋಡಲು ಬಂದ ಕಂಡಕ್ಟರ್ ಟೋಪಿ ತೆಗೆದು ಗಂಟಿಗೆ ತಲೆಬಾಗಿದ. ಆಮೇಲೆ ನನ್ನ ಒಂದೇ ಟಿಕೆಟ್ಟಿಗೆ ತೂತು ಹಾಕಿ ಹೋದ.

ಎಂಥ ದಾರಿ ಅಂತೀಯ ಚಿಗುಸಾ. ಮೊದಲು ಗದ್ದೆಗಳು. ಕೊಯ್ದ ಭತ್ತದ ಸಿವುಡುಗಳನ್ನು ಕಂಬಕ್ಕೆ ಚುಚ್ಚಿ ನಿಲ್ಲಿಸಿದ್ದರು, ಮಂಜಿನಲ್ಲಿ ಅವು ಕಂಬಳಿ ಹೊದ್ದು ನಿಂತ ಮುದುಕರ ಹಾಗೆ ಕಾಣುತ್ತಿದ್ದವು. ರೈಲು ಹೋದರೆ ತಿರುಗಿ ನೋಡಿಯಾರು ಅನ್ನಿಸಿತು. ಆಮೇಲೆ ಪೈನ್ ಮರಗಳು ಸರಿದವು, ಸಮುದ್ರ ಕಾಣಿಸಿತು. ಹತ್ತಿರ ಅಂದರೆ ಎಷ್ಟು ಹತ್ತಿರ, ಕಿಟಕಿ ತೆಗೆದು ಕೈಚಾಚಿದರೆ ನೊರೆ ಸಿಗಬೇಕು. ಕಪ್ಪು ಬಂಡೆಗಳ ನಡುವೆ ನೀರು ಒಳಗೆ ಬಂದು, ಏನನ್ನೋ ಹುಡುಕಿ, ಸಿಗದೆ ವಾಪಸ್ ಹೋಗುತ್ತಿತ್ತು. ಸುರಂಗ ಬಂದರೆ ಗಾಜಿನಲ್ಲಿ ನಾನು ಮತ್ತು ಗಂಟು. ಸುರಂಗ ಮುಗಿದರೆ ಮತ್ತೆ ಸಮುದ್ರ. ಮತ್ತೆ ನಾನು ಮತ್ತು ಗಂಟು, ಮತ್ತೆ ಸಮುದ್ರ. ಹೀಗೆ ನೋಡುತ್ತ ನೋಡುತ್ತ ನಿದ್ದೆಯೋ ಎಚ್ಚರವೋ ತಿಳಿಯದಾಯಿತು.

ನಿಮ್ಮಪ್ಪನ ಜೊತೆ ಮಾತಾಡಿದೆ ಅಂದರೆ ನಗಬೇಡ. ಬಾಯಿಬಿಟ್ಟಲ್ಲ, ಮನಸ್ಸಿನಲ್ಲೇ. ಈ ಸಮುದ್ರ ನೋಡಿದರೆ ಹೊಟ್ಟೆ ತೊಳಸುತ್ತಿತ್ತಾ ನಿಮಗೆ ಎಂದು ಕೇಳಿದೆ. ಅವರ ಕಥೆ ನಿನಗೆ ಅರ್ಧ ಗೊತ್ತು. ಬೆಸ್ತರ ಮನೆಯ ಆರನೇ ಮಗ, ದೋಣಿ ಹತ್ತಿದರೆ ವಾಂತಿ. ಇಡೀ ಊರು ನಗುತ್ತಿತ್ತಂತೆ. ಹೊಟ್ಟೆ ಗಟ್ಟಿಯಾಗುವ ತನಕ ನನ್ನ ಅನ್ನ ಮುಟ್ಟಬೇಡ ಎಂದು ತಂದೆ ಹೇಳಿದರು. ಹತ್ತೊಂಬತ್ತರ ಹುಡುಗ ಮರುದಿನ ಬೆಳಿಗ್ಗೆ ರೈಲು ಹತ್ತಿದ. ಒಸಾಕಾದಲ್ಲಿ ಸೈಕಲ್ ರಿಪೇರಿ ಕಲಿತ, ಅಂಗಡಿ ಇಟ್ಟ, ನನ್ನನ್ನು ಮದುವೆಯಾದ. ತಂದೆ ಸತ್ತಾಗಲೂ ಹೋಗಲಿಲ್ಲ. ಹೊಸ ವರ್ಷಕ್ಕೆ ತಾಯಿಗೆ ಒಂದು ಕಾರ್ಡು ಹಾಕುತ್ತಿದ್ದರು. ತಾಯಿ ಒಣಮೀನಿನ ಪೆಟ್ಟಿಗೆ ಕಳಿಸುತ್ತಿದ್ದರು. ಆ ಮೀನನ್ನು ಅವರು ಒಬ್ಬರೇ ಅಂಗಡಿಯ ಹಿಂದೆ ಕೂತು ತಿನ್ನುತ್ತಿದ್ದರು, ನಮಗೆ ಒಂದು ಚೂರೂ ಕೊಡುತ್ತಿರಲಿಲ್ಲ. ಜಿಪುಣತನ ಅಂದುಕೊಂಡಿದ್ದೆ ನಾನು, ದಡ್ಡಿ.

ಒಂದು ನಿಲ್ದಾಣದಲ್ಲಿ ಬೆನ್ನಿಗೆ ಬುಟ್ಟಿ ಹೊತ್ತ ಹೆಂಗಸೊಬ್ಬಳು ಹತ್ತಿ ನನ್ನೆದುರು ಕೂತಳು. ಸೇಬು ಮಾರುವವಳು. ಗಂಟನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಎರಡು ಸೇಬು ತೆಗೆದು ದೊಡ್ಡದನ್ನು ನನ್ನ ಕೈಗಿಟ್ಟು, ಬುಟ್ಟಿಯೆಲ್ಲ ತಡಕಿ ಆರಿಸಿದ ಪುಟಾಣಿ ಸೇಬನ್ನು ಗಂಟಿನ ಮುಂದಿಟ್ಟಳು.

"ಕೂಸಿಗೆ ಎಷ್ಟು ವರ್ಷಾಗಿತ್ತ ಯವ್ವಾ?" ಎಂದು ಮೆಲ್ಲಗೆ ಕೇಳಿದಳು.

ಐವತ್ತೊಂಬತ್ತು ಎಂದೆ. ಅವಳು ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ದುಃಖಕ್ಕೆ ಇವಳ ತಲೆ ಕೆಟ್ಟಿದೆ ಎಂದುಕೊಂಡಿರಬೇಕು, ನನ್ನ ಕೈ ಹಿಡಿದುಕೊಂಡು ಬಿಡಲೇ ಇಲ್ಲ. ನಾನೂ ಅವಳಿಗೇ ಏನೋ ಆಗಿದೆ ಎಂದುಕೊಂಡೆ. ಇಳಿದ ಮೇಲೆ ಪ್ಲಾಟ್‌ಫಾರ್ಮಿನಲ್ಲಿ ನಿಂತು ರೈಲು ಮರೆಯಾಗುವ ತನಕ ಬಾಗಿಯೇ ಇದ್ದಳು. ಒಳ್ಳೆಯ ಹೆಂಗಸು. ಅವಳ ಪ್ರಶ್ನೆಯ ಅರ್ಥ ತಿಳಿಯಲು ನನಗೆ ಇನ್ನೂ ಒಂದು ಗಂಟೆ ಬೇಕಾಯಿತು.

ಹಮಾನಾಕಾದಲ್ಲಿ ಇಳಿದವಳು ನಾನೊಬ್ಬಳೇ. ಸ್ಟೇಷನ್ ಮಾಸ್ಟರ್ ಇಲ್ಲ, ಗೇಟಿಲ್ಲ. ಸಮುದ್ರಕ್ಕೆ ಮುಖ ಮಾಡಿದ ಒಂದು ಮರದ ಕೋಣೆ, ಒಳಗೊಂದು ಉದ್ದನೆಯ ಬೆಂಚು, ಅಷ್ಟೇ ನಿಲ್ದಾಣ. ನಿಮ್ಮಪ್ಪನ ಮನೆ ಅಲ್ಲಿಂದ ಕೂಗಳತೆ. ಮನೆ ತುಂಬ ಜನರಿದ್ದಾರೆ, ದೊಡ್ಡಪ್ಪನ ಮಗ, ಸೊಸೆ, ಮೂರು ಮಕ್ಕಳು. ಆದರೆ ಸಾಲ್ಮನ್ ಮೀನು ಬರುವ ಕಾಲ, ಎಲ್ಲರೂ ಬಲೆಯ ಹತ್ತಿರ ಹೋಗಿದ್ದರು. ಮನೆಯಲ್ಲಿದ್ದದ್ದು ಅತ್ತೆ ಒಬ್ಬರೇ. ತೊಮೆ ಅಜ್ಜಿ ಎಂದು ನೀನು ಕಾರ್ಡಿನ ಮೇಲೆ ಮಾತ್ರ ಓದಿದ ಹೆಸರು. ಎಂಬತ್ತೆಂಟು ವರ್ಷ, ಬೆನ್ನು ಎಷ್ಟು ಬಾಗಿದೆ ಎಂದರೆ ಅವರ ಮುಖ ನನ್ನ ಸೊಂಟದ ಹತ್ತಿರ.

ನಾನು ಹೆಸರು ಹೇಳಿ ಬಗ್ಗಿ ನಿಂತೆ. ಅವರು ನನ್ನನ್ನು ನೋಡಲೇ ಇಲ್ಲ. ಎರಡೂ ತೋಳು ಚಾಚಿ, ಕಾಲೂರಿ, ಅಕ್ಕಿ ಮೂಟೆ ಹಿಡಿಯುವವರ ಹಾಗೆ ಸಿದ್ಧವಾಗಿ ನಿಂತರು. ನಾನು ಗಂಟನ್ನು ಕೊಟ್ಟೆ. ಭಾರವೇ ಇಲ್ಲದೆ ಅವರ ತೋಳುಗಳು ಮೇಲಕ್ಕೆ ಹಾರಿದವು. ನನಗೇನೂ ಅರ್ಥವಾಗಲಿಲ್ಲ. ಅವರು ಅಲ್ಲೇ ಹೊಸ್ತಿಲ ಮೇಲೆ ಕೂತು ಗಂಟು ಬಿಚ್ಚಿ, ಕುಡಿಕೆಯ ಮುಚ್ಚಳ ತೆಗೆದು ಒಳಗೆ ನೋಡಿದರು.

"ಉಳಿದದ್ದು ಎಲ್ಲೈತಿ?" ಎಂದರು.

ನನಗೆ ಗೊತ್ತೇ ಇರಲಿಲ್ಲ ಚಿಗುಸಾ. ಆಣೆ ಮಾಡಿ ಹೇಳುತ್ತೇನೆ, ಗೊತ್ತಿರಲಿಲ್ಲ. ನಮ್ಮ ಕಡೆ ಏನು ಮಾಡುತ್ತಾರೋ ನೀನೂ ನೋಡಿದ್ದೀಯ. ನಾವಿಬ್ಬರೂ ಸುಟ್ಟ ಎಲುಬನ್ನು ಕಡ್ಡಿಗಳಲ್ಲಿ ಹಿಡಿದು, ಪಾದದ್ದಿಷ್ಟು, ಕೈಯದ್ದಿಷ್ಟು, ತಲೆಯದ್ದಿಷ್ಟು ಎಂದು ಆರಿಸಿ ಹಾಕಿದೆವು. ಕುಡಿಕೆ ತುಂಬಿತು, ಉಳಿದದ್ದನ್ನು ಸುಡುಗಾಡಿನವರ ವಶಕ್ಕೆ ಬಿಟ್ಟು ಕೈಮುಗಿದು ಬಂದೆವು. ನನ್ನ ತಂದೆಗೂ ಹಾಗೇ, ಅಜ್ಜನಿಗೂ ಹಾಗೇ. ಲೋಕವೆಲ್ಲ ಹಾಗೇ ಎಂದುಕೊಂಡಿದ್ದೆ. ಉತ್ತರದ ಕಡೆ ಹಾಗಲ್ಲವಂತೆ. ಕಾಲ್ಬೆರಳಿನಿಂದ ತಲೆಬುರುಡೆಯ ತನಕ ಒಂದು ಚೂರೂ ಬಿಡುವುದಿಲ್ಲವಂತೆ, ಕೊನೆಗೆ ಬೂದಿಯನ್ನೂ ಗುಡಿಸಿ ತುಂಬುತ್ತಾರಂತೆ. ಅವರ ಕುಡಿಕೆ ಎಂದರೆ ನೀರಿನ ಕೊಡದಷ್ಟು. ನಮ್ಮ ಕುಡಿಕೆಯ ಅಳತೆಯದನ್ನು ಅವರು ಸತ್ತ ಮಕ್ಕಳಿಗೆ ಇಡುವುದು. ಸೇಬಿನವಳು ಕೇಳಿದ್ದು ಆಗ ಅರ್ಥವಾಯಿತು.

ಅತ್ತೆ ಹೊಲಿದು ಇಟ್ಟಿದ್ದ ಬಿಳಿ ಚೀಲ ಅಲ್ಲೇ ಮಡಚಿಟ್ಟಿತ್ತು. ಆ ಕಡೆ ಮಣ್ಣಿಗೆ ಕುಡಿಕೆ ಹೋಗುವುದಿಲ್ಲ, ಅಸ್ಥಿಯನ್ನು ಬಟ್ಟೆಯ ಚೀಲಕ್ಕೆ ಸುರಿದು ಇಡುತ್ತಾರೆ. ಗಂಡಸೊಬ್ಬ ಪೂರ್ತಿ ಹಿಡಿಸುವ ಚೀಲ, ಕಣ್ಣು ಸರಿಯಿಲ್ಲದಿದ್ದರೂ ತಾವೇ ಕೂತು ಹೊಲಿದದ್ದು. ನಾನು ನಮ್ಮ ಪದ್ಧತಿಯನ್ನು ಬಿಡಿಸಿ ಹೇಳಲು ನೋಡಿದೆ. ಅವರು ನಂಬಲಿಲ್ಲ.

"ನಿಮ್ಮ ಕಡೆ ಮಂದಿ ಅರ್ಧಾನ ಸಾಯ್ತಾರೇನು? ದೊಡ್ಡ ಪಾಲು ನೀ ಇಟಗೊಂಡು ನನಗ ಚಿಟಿಕಿ ಉಪ್ಪು ತಂದಂಗ ತಂದಿ."

ನನಗೆ ಎಲ್ಲಿಂದ ಬಂತೋ ಆ ಸಿಟ್ಟು. ಒಂದೂವರೆ ತಿಂಗಳಿಂದ ಹಲ್ಲುಕಚ್ಚಿ ಹಿಡಿದದ್ದೆಲ್ಲ ಒಮ್ಮೆಲೇ ಹೊರಬಿತ್ತು. ನಲವತ್ತು ವರ್ಷ ಪೂರ್ತಿ ಮನುಷ್ಯ ಇದ್ದರಲ್ಲ ಅತ್ತೆ, ಆಗ ಒಂದು ಸಲ ಬಾ ಅನ್ನಲಿಲ್ಲ, ಈಗ ಎಲುಬು ಕಮ್ಮಿಯಾಯಿತು ಅಂತೀರಾ ಎಂದು ಕೂಗಿದೆ. ಎಂಬತ್ತೆಂಟು ವರ್ಷದವರ ಮುಂದೆ, ಮೊದಲ ಸಲ ಕಂಡವರ ಮುಂದೆ. ನಾಚಿಕೆಯಾಗುತ್ತದೆ. ಗಂಟು ಕಟ್ಟಿದೆ, ಎದೆಗವಚಿದೆ, ತಿರುಗಿ ನೋಡದೆ ನಿಲ್ದಾಣಕ್ಕೆ ನಡೆದೆ. ನಿನಗೆ ಕೊಟ್ಟ ಮಾತು ಉಳಿಯಿತು ಎಂದು ಒಂದು ಕ್ಷಣ ಸಮಾಧಾನವೂ ಆಯಿತು.

ಆದರೆ ಸಿಟ್ಟು ಮಾಡಿಕೊಂಡು ಹೊರಡಲು ಇದು ಒಸಾಕಾ ಅಲ್ಲ. ಗೋಡೆಯ ವೇಳಾಪಟ್ಟಿ ನೋಡಿದೆ. ಆಗ ಹತ್ತೂ ಇಪ್ಪತ್ತು, ಮುಂದಿನ ರೈಲು ಒಂದೂ ನಲವತ್ತಕ್ಕೆ. ಮೂರು ಗಂಟೆ ಇಪ್ಪತ್ತು ನಿಮಿಷ ಯಾರಾದರೂ ಸಿಟ್ಟಿನಲ್ಲೇ ಕೂತಿರಲು ಸಾಧ್ಯವೇ? ಅರ್ಧ ಗಂಟೆ ಕೂತೆ. ಆಮೇಲೆ ಅಳು ಬಂತು. ಆಮೇಲೆ ಹಸಿವಾಯಿತು. ಕಿಟಕಿಯಿಂದ ಬಿಸಿಲು ಬಂದು ಬೆಂಚಿನ ಮೇಲೆ ಮಲಗಿತ್ತು. ಸಮುದ್ರದ ಸದ್ದು ದೂರ ಹೋಗಿ ಹತ್ತಿರ ಬರುತ್ತಿತ್ತು. ಈ ಜಾಗ ನನಗೆ ಮೊದಲೇ ಗೊತ್ತು, ಮದುವೆಯಾದ ವರ್ಷದಿಂದ ಇಲ್ಲೇ ಕೂತು ರೈಲು ಕಾಯುತ್ತಿದ್ದೇನೆ ಎಂಬಂಥ ಮಂಪರು.

ಗಾಲಿಯ ಕಿರ್ ಕಿರ್ ಕೇಳಿ ಎಚ್ಚರವಾಯಿತು. ಅತ್ತೆ ತಳ್ಳುಗಾಡಿ ತಳ್ಳಿಕೊಂಡು ಬಂದಿದ್ದರು. ಹಸಿದ ಹೊಟ್ಟೆಯಲ್ಲಿ ಜಗಳ ಆಡಬಾರದೆಂದು ಬೈದು, ಅನ್ನದ ಉಂಡೆ ಎರಡು ಕೊಟ್ಟರು, ಒಳಗೆ ಉಪ್ಪು ಹಾಕಿದ ಮೀನಿನ ಮೊಟ್ಟೆ. ನಾನು ತಿಂದು ಮುಗಿಸಿದೆ. ಆಮೇಲೆ ಬೆಂಚನ್ನು ಕೈಯಿಂದ ಒರೆಸುತ್ತ ಒರೆಸುತ್ತ ಹೇಳಿದರು. ಇದೇ ಬೆಂಚಿನಿಂದ ಅವರ ಮಗ ರೊಕುರೊ ಹೋದದ್ದಂತೆ. ಕಳಿಸಲು ಹೋದರೆ ಕಾಲು ಮುರಿಯುತ್ತೇನೆಂದು ಮಾವ ಬಾಗಿಲಿಗೆ ಅಡ್ಡ ಕೂತಿದ್ದರಂತೆ. ರೈಲಿನ ಕೂಗು ಕೇಳಿದಾಗ ಅತ್ತೆಯ ಕೈಯಲ್ಲಿ ಅರ್ಧ ಸೀಳಿದ ಮೀನಿತ್ತಂತೆ. ಮಾವ ಹೋದ ಮೇಲಾದರೂ ಮಗನಿಗೆ ಬಾ ಎಂದು ಯಾಕೆ ಬರೆಯಲಿಲ್ಲ ಎಂದು ಕೇಳಿದೆ. ಕಳಿಸಲು ಬಾರದ ತಾಯಿ ಯಾವ ಬಾಯಲ್ಲಿ ಕರೆಯಬೇಕು ಎಂದರು. ಅಪ್ಪನಿಗೆ ಆ ಹಟ ಎಲ್ಲಿಂದ ಬಂದಿತ್ತೆಂದು ನನಗೆ ಆಗ ತಿಳಿಯಿತು.

"ಅದರಾಗ ಏನೇನು ತಂದಿ, ಒಂದೊಂದಾಗಿ ಹೇಳು," ಎಂದರು.

ಬಿಳಿ ಚೀಲವನ್ನು ಬೆಂಚಿನ ಮೇಲೆ ಹಾಸಿದರು. ನಾನು ಕಡ್ಡಿ ಇಲ್ಲವಲ್ಲ ಎಂದೆ. "ನಾ ಹಡದ ಕೂಸನ್ನ ಕಡ್ಡೀಲೆ ಮುಟ್ಟಲೇನು?" ಎಂದು ಬರಿಗೈಯನ್ನೇ ಕುಡಿಕೆಗೆ ಹಾಕಿದರು.

ಸುಡುಗಾಡಿನಲ್ಲಿ ಆ ಮನುಷ್ಯ ಒಂದೊಂದನ್ನೂ ತೋರಿಸಿ ಹೆಸರು ಹೇಳಿದ್ದನಲ್ಲ, ಅದನ್ನೆಲ್ಲ ನಾನು ನೆನಪಿಟ್ಟಿದ್ದೆ. ಇದು ಪಾದ ಎಂದೆ. ಅವರು ಅದನ್ನು ಬಟ್ಟೆಯ ಕೆಳತುದಿಗೆ ಇಟ್ಟರು. ಇದು ಮೊಣಕಾಲು, ಸೈಕಲ್ಲಿನ ಪಕ್ಕ ಕುಕ್ಕರುಗಾಲಲ್ಲಿ ಕೂತು ಕೂತು ಸವೆದದ್ದು ಎಂದೆ. ಇದು ಬಲಗೈ, ಮಗಳಿಗೆ ಸೈಕಲ್ ಕಲಿಸುವಾಗ ಸೀಟು ಹಿಡಿದು ಬೀದಿಯುದ್ದ ಓಡಿದ ಕೈ, ಕೊನೆಗೂ ಬಿಟ್ಟೆ ಎಂದು ಹೇಳದೇ ಬಿಟ್ಟ ಕೈ ಎಂದೆ. ಏಳು ವರ್ಷದವನಿದ್ದಾಗ ಅದೇ ಕೈಯನ್ನು ಮಾಡಿನಿಂದ ಬಿದ್ದು ಮುರಿದುಕೊಂಡಿದ್ದನೆಂದು ಅವರು ಹೇಳಿದರು. ಅವರಿಗೆ ಗೊತ್ತಿದ್ದದ್ದು ಹತ್ತೊಂಬತ್ತು ವರ್ಷದ ಮಗ, ನನಗೆ ಗೊತ್ತಿದ್ದದ್ದು ಅದರ ಮುಂದಿನ ಗಂಡ. ಒಂದೊಂದು ಎಲುಬಿಗೂ ಇಬ್ಬರೂ ನಮ್ಮ ನಮ್ಮ ಪಾಲಿನದು ಹೇಳಿದೆವು. ಎಷ್ಟು ಹೊತ್ತು ಹಾಗೆ ಕೂತೆವೋ ಗೊತ್ತಿಲ್ಲ. ಬಿಸಿಲು ಬೆಂಚಿನ ಈ ತುದಿಯಿಂದ ಆ ತುದಿಗೆ ಹೋಗಿತ್ತು.

ಎಲ್ಲ ಜೋಡಿಸಿ ಆದ ಮೇಲೆ ಅತ್ತೆ ಗೇಣು ಹಾಕಿ ಅಳೆದರು. ಎರಡು ಗೇಣು, ಮೇಲೆ ಸ್ವಲ್ಪ. ಮತ್ತೊಮ್ಮೆ ಅಳೆದರು.

"ಹುಟ್ಟಿದಾಗ ಇಷ್ಟ ಇದ್ದ," ಎಂದರು. "ಇಷ್ಟ ಇದ್ದ ನೋಡು. ಪೂರಾ ಬಂದಾನ."

ಆಮೇಲೆ ನನ್ನ ಕಡೆ ತಿರುಗಿ, ಒಯ್ಯುವುದಿದ್ದರೆ ಒಯ್ಯಿ, ನನ್ನದು ಆಯಿತು, ಮಗಳಿಗೆ ಮಾತು ಕೊಟ್ಟಿದ್ದೀಯಲ್ಲ ಎಂದರು. ನಿನ್ನ ವಿಷಯ ನಾನೇ ಹೇಳಿದ್ದೆ. ನಾನು ಉತ್ತರ ಕೊಡುವಷ್ಟರಲ್ಲಿ ಒಂದೂ ನಲವತ್ತರ ರೈಲು ಬಂದೇ ಬಿಟ್ಟಿತು. ಬಾಗಿಲು ತೆರೆಯಿತು. ಬೆಳಗಿನ ಅದೇ ಕಂಡಕ್ಟರ್. ಬೆಂಚನ್ನು ನೋಡಿದ, ನಮ್ಮಿಬ್ಬರನ್ನು ನೋಡಿದ, ಟೋಪಿ ತೆಗೆದು ಕಾದ. ಬೇಗ ಬನ್ನಿ ಅನ್ನಲಿಲ್ಲ. ಆ ರೈಲು ಒಂದು ನಿಮಿಷವೂ ತಡವಾಗುವ ರೈಲಲ್ಲ, ಆದರೂ ಕಾದ. ಅತ್ತೆ ನನ್ನ ಮುಖ ನೋಡದೆ ಸಮುದ್ರ ನೋಡುತ್ತಿದ್ದರು.

ನಾನು ಏಳಲಿಲ್ಲ ಚಿಗುಸಾ. ತಲೆಯಾಡಿಸಿದೆ. ಬಾಗಿಲು ಮುಚ್ಚಿತು, ರೈಲು ಹೋಯಿತು.

ಆ ಸಂಜೆ ಅತ್ತೆ ಚೀಲವನ್ನು ಬಿಚ್ಚಿ ಚಿಕ್ಕದಾಗಿ ಹೊಲಿದರು, ಸೂಜಿಗೆ ದಾರ ಪೋಣಿಸಿಕೊಟ್ಟದ್ದು ನಾನು. ಬಲೆಯಿಂದ ಬಂದ ಮನೆಯವರು ಯಾರೂ ಎಷ್ಟು, ಯಾಕೆ ಎಂದು ಕೇಳಲಿಲ್ಲ. ಅತ್ತೆ ಏನು ಹೇಳಿಟ್ಟಿದ್ದರೋ. ನಿನ್ನೆ ಬೆಳಿಗ್ಗೆ ರೈಲು ಹಾದಿಯ ಮೇಲಿನ ದಿಬ್ಬದಲ್ಲಿ, ಮಾವನ ಪಕ್ಕದಲ್ಲೇ ಇಟ್ಟೆವು. ಇನ್ನು ಇಬ್ಬರೂ ಬೇಕಾದಷ್ಟು ಜಗಳ ಆಡಿಕೊಳ್ಳಲಿ. ಕೆಳಗೆ ರೈಲು, ಅದರಾಚೆ ನೀರು. ದೋಣಿಯ ಮೇಲಲ್ಲ, ಗಟ್ಟಿ ನೆಲದ ಮೇಲೆ ನಿಂತು ನೋಡುವ ಸಮುದ್ರ, ಹೊಟ್ಟೆ ತೊಳಸುವುದಿಲ್ಲ.

ಹಗ್ಗ ಬಿಟ್ಟಾಯಿತು. ಮಾತು ತಪ್ಪಿದೆ. ಹನ್ನೆರಡಕ್ಕೆ ಗುಡಿಯವರಿಗೆ ಬೇಡವೆಂದು ನೀನೇ ಹೇಳಬೇಕು. ನಿನಗೆ ಸಿಟ್ಟು ಬರುತ್ತದೆ, ಬರಲಿ. ಅಪ್ಪನಿಲ್ಲದೆ ಬರಿಗೈಯಲ್ಲಿ ಬಂದು ನಿನ್ನ ಮುಖ ನೋಡಿ ಹೇಳುವ ಧೈರ್ಯ ನನಗಿಲ್ಲ. ಅದಕ್ಕೇ ಈ ಪತ್ರವನ್ನು ನೊಶಿರೊದಲ್ಲಿ ಅಂಚೆಗೆ ಹಾಕಿ, ಎರಡು ದಿನ ಕನಜಾವಾದಲ್ಲಿ ಚಿಕ್ಕಮ್ಮನ ಮನೆಯಲ್ಲಿ ಅಡಗಿ ಕೂರುತ್ತೇನೆ. ಪತ್ರ ಮೊದಲು ತಲುಪಲಿ. ಬೈಯುವುದನ್ನೆಲ್ಲ ಪತ್ರಕ್ಕೆ ಬೈದು ಮುಗಿಸು, ನಾನು ಬಂದಾಗ ಟೀ ಮಾಡಿಕೊಡು.

ಈಗ ಸಮುದ್ರ ನನ್ನ ಬಲಗಡೆ ಇದೆ. ಪಕ್ಕದ ಸೀಟು ಖಾಲಿ. ಶಾಲು ಹೊದ್ದುಕೊಂಡಿದ್ದೇನೆ. ಸುರಂಗ ಬರುತ್ತಿದೆ, ನಿಲ್ಲಿಸುತ್ತೇನೆ.

ನಿನ್ನನ್ನು ನೆನೆಯುತ್ತಿರುವ, ಮಾತು ತಪ್ಪಿದ,
ಅಮ್ಮ
ಕಿನುಎ

ತಾ.ಕ. ಒಂದು ವಿಷಯ ಬರೆಯುವುದೋ ಬೇಡವೋ ಎಂದು ನಾಲ್ಕು ನಿಲ್ದಾಣ ಯೋಚಿಸಿದೆ. ಬೆಂಚಿನ ಮೇಲೆ ಎಲ್ಲ ಜೋಡಿಸಿದಾಗ ಅತ್ತೆ ಎದೆಗೂ ತಲೆಗೂ ನಡುವೆ ಬೆರಳಿಟ್ಟು, ಗಂಟಲಿನದು ಎಲ್ಲಿ ಎಂದು ಕೇಳಿದರು. ಕೂತ ಬುದ್ಧನ ಹಾಗೆ ಕಾಣುವ ಆ ಎಲುಬನ್ನು ಎಲ್ಲಕ್ಕಿಂತ ಕೊನೆಗೆ ಕುಡಿಕೆಗೆ ಹಾಕಿದವಳು ನೀನು, ನಾನು ಕಣ್ಣಾರೆ ನೋಡಿದ್ದೇನೆ. ಕುಡಿಕೆಯನ್ನು ಬೋರಲು ಹಾಕಿ ನೋಡಿದೆವು, ಇರಲಿಲ್ಲ. ನಮ್ಮ ಕಡೆ ಅದನ್ನು ಕ್ಯೋತೋದ ದೊಡ್ಡ ಮಠಕ್ಕೆ ಕಳಿಸುತ್ತಾರೆ ಅತ್ತೆ, ಕಳಿಸಿದ್ದೇವೆ ಎಂದು ಸುಳ್ಳು ಹೇಳಿದೆ. ಅವರು ಕುಡಿಕೆಯನ್ನು ನೆಟ್ಟಗಿಟ್ಟು, ಅಲ್ಲಿ ಚೆನ್ನಾಗಿ ನೋಡಿಕೊಳ್ಳುವವರು ಇದ್ದಾರಲ್ಲ, ಸಾಕು ಎಂದರು. ರೈಲು ಬಂದಾಗ ನಾನು ಏಳದೆ ಕೂತದ್ದು ಅದಕ್ಕೇ. ಎಲ್ಲಿಟ್ಟಿದ್ದೀಯ ಎಂದು ನಾನು ಎಂದೂ ಕೇಳುವುದಿಲ್ಲ, ನೀನೂ ಹೇಳಬೇಡ. ತೇವ ತಾಗದ ಜಾಗದಲ್ಲಿಡು, ಅಷ್ಟೇ.